ನೆನಪಿನ ಚಿಪ್ಪುಗಳ ಕಾಳಗ: ರಾಂಬಸ್ ಮತ್ತು ಡಿಡಿಆರ್

ಇಂಟೆಲ್ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಪ್ರೊಸೆಸರ್. ಆದರೆ 1968ರಲ್ಲಿ ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್ ಎಂಬ ಇಬ್ಬರು ಈ ಸಂಸ್ಥೆಯನ್ನು ಕಟ್ಟಿದಾಗ ಅವರ ಕಣ್ಣಿದ್ದುದು ಮೆಮೊರಿ ಚಿಪ್ಪುಗಳ ಮೇಲೆ. 1970ರಲ್ಲಿ ಅವರು ಮಾರುಕಟ್ಟೆಗೆ ತಂದ 1103 ಎಂಬ ಚಿಪ್ಪು 1024 ಬಿಟ್‌ಗಳನ್ನು ಹಿಡಿದಿಡುತ್ತಿತ್ತು. ಅಂದಿನ ಕಂಪ್ಯೂಟರುಗಳಲ್ಲಿದ್ದ ಕಾಂತೀಯ ಬಳೆಗಳ ಮೆಮೊರಿಯನ್ನು ಮೂಲೆಗೆ ಸರಿಸಿದ ಕೀರ್ತಿಯಲ್ಲಿ ಅದಕ್ಕೆ ದೊಡ್ಡ ಪಾಲಿದೆ. ಮುಂದೆ ಜಪಾನಿನ ತಯಾರಕರ ಪೈಪೋಟಿಯನ್ನು ತಾಳಲಾರದೆ 1985ರಲ್ಲಿ ಇಂಟೆಲ್ ಆ ವ್ಯಾಪಾರವನ್ನೇ ಕೈಬಿಟ್ಟು ಪ್ರೊಸೆಸರುಗಳನ್ನು ನೆಚ್ಚಿಕೊಂಡಿತು. ಹೀಗೆ ತವರುಮನೆಯ ನಂಟನ್ನು ಕಡಿದುಕೊಂಡ ಸಂಸ್ಥೆಯು ಹದಿನಾಲ್ಕು ವರ್ಷಗಳ ಬಳಿಕ ಅದೇ ಮೆಮೊರಿಯ ವಿಷಯದಲ್ಲಿ ಮುಗ್ಗರಿಸಿತು. ಸುಮಾರು 1996ರಿಂದ 2003ರವರೆಗೆ ನಡೆದ ಆ ಪ್ರಸಂಗವನ್ನು ಇಲ್ಲಿ ನಿರೂಪಿಸಬೇಕೆಂದಿದ್ದೇನೆ.

ಇತಿಹಾಸದ ಪಾಠ ಹೇಳಿದವನು ಕಂಪ್ಯೂಟರಿನ ಗೊಡವೆಗೆ ಏಕೆ ಹೋಗುತ್ತಾನೆಂದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಹುಬ್ಬೇರಿಸಬಹುದು. ಪಾಣಿಪತ್ತಿನ ಕದನವನ್ನು ಓದುವಾಗ ಸೈನ್ಯದ ಸಂಖ್ಯೆಯನ್ನು ಮಾತ್ರ ನೋಡಿದರೆ ಸಾಲದು, ಆ ಸೈನ್ಯಕ್ಕೆ ಅನ್ನ ಯಾವ ದಾರಿಯಿಂದ ಬರುತ್ತಿತ್ತೆಂಬುದನ್ನು ನೋಡಬೇಕೆಂದು ತರಗತಿಯಲ್ಲಿ ಹೇಳುತ್ತಿದ್ದುದು ನಿಮಗೆ ನೆನಪಿರಬಹುದು. ಈ ಕಥೆಯೂ ಸರಬರಾಜಿನ ದಾರಿಯ ಕಥೆಯೇ.

ಮೊದಲು ಮೂಲ ಸಂಗತಿಗಳನ್ನು ತಿಳಿಯೋಣ. ಇಂದಿಗೂ ಬಳಕೆಯಲ್ಲಿರುವ ಡೈನಾಮಿಕ್ ರ‍್ಯಾಮ್ ಎಂಬುದು ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಅವರಿಗೆ 1966ರಲ್ಲಿ ಹೊಳೆದ ಕಲ್ಪನೆ; 1968ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್, ಇವೆರಡು ಸೇರಿದರೆ ಒಂದು ಬಿಟ್. ಕೆಪಾಸಿಟರಿನಲ್ಲಿ ವಿದ್ಯುತ್ತು ತುಂಬಿದ್ದರೆ ಒಂದು, ಬರಿದಾಗಿದ್ದರೆ ಸೊನ್ನೆ. ಆದರೆ ಈ ಕೆಪಾಸಿಟರ್ ಸೋರುವ ಮಡಕೆಯಂತೆ. ಸೆಕೆಂಡಿನ ಸಣ್ಣ ಅಂಶದಲ್ಲಿ, ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ, ಪ್ರತಿಯೊಂದನ್ನೂ ಓದಿ ಮತ್ತೆ ತುಂಬಬೇಕು. ಬಾಯಿಪಾಠದ ಮಗ್ಗಿಯನ್ನು ದಿನವೂ ಒಪ್ಪಿಸದಿದ್ದರೆ ಮರೆತುಹೋಗುವಂತೆಯೇ ಇದೂ.

ಈ ಮೆಮೊರಿಗೂ ಪ್ರೊಸೆಸರಿಗೂ ನಡುವೆ ನಿಂತು ವ್ಯವಹಾರ ನಡೆಸುವುದು ಚಿಪ್‌ಸೆಟ್. ಅದರ ಮುಖ್ಯ ಭಾಗವನ್ನು ನಾರ್ತ್‌ಬ್ರಿಡ್ಜ್ ಎಂದು ಕರೆಯುತ್ತಿದ್ದರು. ಹಿಂದಿನ ಕಾಲದ ಸುಂಕದ ಕಟ್ಟೆಯನ್ನು ಊಹಿಸಿಕೊಳ್ಳಿ. ಕಟ್ಟೆಯ ಈಚೆ ಎಷ್ಟೇ ಅಗಲವಾದ ಹೆದ್ದಾರಿಯಿರಲಿ, ಆಚೆಯ ರಸ್ತೆ ಕಿರಿದಾಗಿದ್ದರೆ ಗಾಡಿಗಳು ಸಾಲುಗಟ್ಟಿ ನಿಲ್ಲಲೇಬೇಕು. ಯಾವ ಬಗೆಯ ಮೆಮೊರಿಯನ್ನು ಹಾಕಬಹುದು, ಎಷ್ಟು ಹಾಕಬಹುದು, ಅದು ಎಷ್ಟು ವೇಗದಲ್ಲಿ ಓಡಬಹುದು ಎಂಬುದನ್ನೆಲ್ಲ ನಿರ್ಣಯಿಸುತ್ತಿದ್ದುದು ಈ ಕಟ್ಟೆಯೇ. ಆದುದರಿಂದ ಚಿಪ್‌ಸೆಟ್ಟನ್ನು ಬಿಟ್ಟು ಮೆಮೊರಿಗಳನ್ನು ಮಾತ್ರ ಹೋಲಿಸುವುದು ಅರ್ಧ ಲೆಕ್ಕವಾದೀತು.

1990ರ ದಶಕದಲ್ಲಿ ಮೆಮೊರಿಯ ಬಗೆಗಳು ಬೇಗಬೇಗನೆ ಬದಲಾದವು. ಫಾಸ್ಟ್ ಪೇಜ್ ಮೋಡ್ ಎಂಬುದರ ನಂತರ ಇಡಿಒ ಬಂದಿತು. 1995ರ ಇಂಟೆಲ್ 430ಎಫ್‌ಎಕ್ಸ್ ಚಿಪ್‌ಸೆಟ್ ಅದನ್ನು ಮನೆಯ ಕಂಪ್ಯೂಟರಿಗೆ ತಂದಿತು. ಆಮೇಲೆ ಬಂದುದು ಎಸ್‌ಡಿ-ರ‍್ಯಾಮ್. ಹಳೆಯ ಮೆಮೊರಿಗಳು ಕೇಳಿದಾಗ ತಮಗೆ ತೋಚಿದ ಹೊತ್ತಿಗೆ ಉತ್ತರ ಕೊಡುತ್ತಿದ್ದವು. ಎಸ್‌ಡಿ-ರ‍್ಯಾಮ್ ಗಡಿಯಾರದ ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತಿತ್ತು. 1998ರ ಏಪ್ರಿಲ್‌ನಲ್ಲಿ ಬಂದ 440ಬಿಎಕ್ಸ್ ಚಿಪ್‌ಸೆಟ್ ಈ ತಾಳವನ್ನು 100 ಮೆಗಾಹರ್ಟ್ಸಿಗೆ ಏರಿಸಿತು. ಒಂದು ತಾಳಕ್ಕೆ 8 ಬೈಟ್‌ನಂತೆ ಸೆಕೆಂಡಿಗೆ 800 ಮೆಗಾಬೈಟ್. ಗುಣಾಕಾರ ಸುಲಭವಾಗಿಯೇ ಇದೆ; ಮುಂದಿನ ಎಲ್ಲ ಲೆಕ್ಕಗಳೂ ಇದೇ ಬಗೆಯವು.

ಇನ್ನು ರಾಂಬಸ್ ವಿಷಯಕ್ಕೆ ಬರೋಣ. 1990ರಲ್ಲಿ ಮೈಕ್ ಫಾರ್ಮ್‌ವಾಲ್ಡ್ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಹೊರೊವಿಟ್ಜ್ ಸೇರಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪಿಸಿದ ಸಂಸ್ಥೆಯಿದು. ಪ್ರೊಸೆಸರುಗಳ ವೇಗ ವರ್ಷ ವರ್ಷವೂ ಏರುತ್ತಿದ್ದು, ಮೆಮೊರಿಯು ಅದರ ಹಿಂದೆ ಏದುಸಿರು ಬಿಡುತ್ತ ಓಡಬೇಕಾಗುವುದೆಂದು ಇವರು ಬಹು ಮುಂಚೆಯೇ ಗ್ರಹಿಸಿದ್ದರು. ಅವರ ಪರಿಹಾರವೂ ಜಾಣತನದ್ದು. ಅರವತ್ತನಾಲ್ಕು ತಂತಿಗಳ ಅಗಲವಾದ, ನಿಧಾನದ ದಾರಿಯ ಬದಲು ಕೇವಲ ಹದಿನಾರು ತಂತಿಗಳ ಕಿರಿದಾದ, ಅತಿ ವೇಗದ ದಾರಿ. ಗಡಿಯಾರವು 400 ಮೆಗಾಹರ್ಟ್ಸ್. ತಾಳದ ಏರಿಗೊಮ್ಮೆ, ಇಳಿತಕ್ಕೊಮ್ಮೆ ದತ್ತಾಂಶ ಸಾಗುವುದರಿಂದ ಸೆಕೆಂಡಿಗೆ 800 ದಶಲಕ್ಷ ಸಲ 2 ಬೈಟ್‌ಗಳಂತೆ 1600 ಮೆಗಾಬೈಟ್. 440ಬಿಎಕ್ಸ್ ಮೆಮೊರಿಯ ನೇರ ಎರಡರಷ್ಟು! 1996ರ ನಿಂಟೆಂಡೊ 64 ಆಟದ ಯಂತ್ರದಲ್ಲಿ ಇವರ ಹಿಂದಿನ ತಲೆಮಾರಿನ ಮೆಮೊರಿ ಆಗಲೇ ಇತ್ತು.

ರಾಂಬಸ್ ಸಂಸ್ಥೆಗೆ ಸ್ವಂತ ಕಾರ್ಖಾನೆ ಇರಲಿಲ್ಲವೆಂಬುದು ಗಮನಾರ್ಹ. ವಿನ್ಯಾಸ ಅದರದು, ತಯಾರಿಕೆ ಅನ್ಯರದು. ಮಾರಾಟವಾದ ಚಿಪ್ಪಿಗೆ ಇಷ್ಟೆಂದು ರಾಯಧನ ಇದಕ್ಕೆ ಸಲ್ಲಬೇಕು. ತಯಾರಕರಿಗೆ ಇದು ರುಚಿಸಲಿಲ್ಲ. ಮೆಮೊರಿಯ ವ್ಯಾಪಾರದಲ್ಲಿ ಲಾಭದ ಅಂಚು ಮೊದಲೇ ತೆಳು; ಅದರಲ್ಲಿಯೂ ಪಾಲು ಕೊಡಬೇಕೆಂದರೆ ಯಾರಿಗೆ ತಾನೇ ಹಿತವೆನಿಸೀತು? ಆದರೆ 1996ರಲ್ಲಿ ಇಂಟೆಲ್ ರಾಂಬಸ್ ಜೊತೆ ಒಪ್ಪಂದ ಮಾಡಿಕೊಂಡಿತು. ಮುಂದಿನ ಕಂಪ್ಯೂಟರುಗಳ ಮೆಮೊರಿ ಇದೇ ಎಂದು ಸಾರಿತು. ಸಾಮ್ರಾಟನ ಮಾತು ಬಂದ ಮೇಲೆ ಮಾಂಡಲಿಕರು ತಲೆಬಾಗಬೇಕಾಯಿತು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತಾಯಿತು. ರಾಂಬಸ್ ಮೆಮೊರಿಗಾಗಿಯೇ ರೂಪಿಸಿದ ಐ820 ಚಿಪ್‌ಸೆಟ್ 1999ರ ಸೆಪ್ಟೆಂಬರ್ ಕೊನೆಯಲ್ಲಿ ಬಿಡುಗಡೆಯಾಗಬೇಕಿತ್ತು. ಮದರ್‌ಬೋರ್ಡಿನಲ್ಲಿ ಮೂರು ಮೆಮೊರಿ ಸ್ಲಾಟುಗಳಿದ್ದರೆ ದತ್ತಾಂಶ ತಪ್ಪಾಗುವ ಸಂಭವವಿದೆಯೆಂದು ಕೊನೆಯ ಕ್ಷಣದಲ್ಲಿ ಬೆಳಕಿಗೆ ಬಂದು, ಬಿಡುಗಡೆಯು ನಿಂತುಹೋಯಿತು. ತಯಾರಾಗಿದ್ದ ಬೋರ್ಡುಗಳು ಗೋದಾಮಿನಲ್ಲಿ ಉಳಿದವು. ನವೆಂಬರ್‌ನಲ್ಲಿ ಎರಡೇ ಸ್ಲಾಟುಗಳೊಂದಿಗೆ ಅದು ಹೊರಬಂದಿತು.

ಆಗ ಪರೀಕ್ಷಕರು ಹೊಸದನ್ನೂ ಹಳೆಯದನ್ನೂ ಪಕ್ಕಪಕ್ಕದಲ್ಲಿಟ್ಟು ಅಳೆದರು. ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು. ಎರಡರಷ್ಟು ವೇಗದ ಮೆಮೊರಿ ಇದ್ದರೂ ಐ820 ಯಂತ್ರಗಳು ಸಾಮಾನ್ಯ ಕೆಲಸಗಳಲ್ಲಿ ಹೇಳಿಕೊಳ್ಳುವಷ್ಟು ಮುಂದೆ ಹೋಗಲಿಲ್ಲ. ಹಳೆಯ 440ಬಿಎಕ್ಸ್ ಚಿಪ್‌ಸೆಟ್ಟನ್ನು ಅದರ ಅಧಿಕೃತ ಮಿತಿಯನ್ನು ಮೀರಿ 133 ಮೆಗಾಹರ್ಟ್ಸಿನಲ್ಲಿ ಓಡಿಸಿದಾಗ ಅನೇಕ ಪರೀಕ್ಷೆಗಳಲ್ಲಿ ಅದೇ ಮೇಲುಗೈ ಸಾಧಿಸಿತು.

ಏಕೆ ಹೀಗಾಯಿತು? ಎರಡು ಕಾರಣಗಳಿವೆ. ಮೊದಲನೆಯದು ಸುಂಕದ ಕಟ್ಟೆಯದು. ಆಗಿನ ಪೆಂಟಿಯಂ 3 ಪ್ರೊಸೆಸರಿಗೂ ಚಿಪ್‌ಸೆಟ್ಟಿಗೂ ನಡುವಿನ ದಾರಿ 133 ಮೆಗಾಹರ್ಟ್ಸಿನದು. ಅಂದರೆ ಸೆಕೆಂಡಿಗೆ ಸುಮಾರು 1066 ಮೆಗಾಬೈಟ್. ಈಚೆಯಿಂದ 1600 ಬಂದರೂ ಆಚೆಗೆ ಹೋಗುವುದು 1066 ಮಾತ್ರ. ಗ್ರಾಫಿಕ್ಸ್ ಕಾರ್ಡು ಅಷ್ಟಿಷ್ಟು ಬಳಸಿಕೊಳ್ಳಬಹುದಿತ್ತೆಂಬುದನ್ನು ಬಿಟ್ಟರೆ ಉಳಿದ ಸಾಮರ್ಥ್ಯವು ವ್ಯರ್ಥ.

ಎರಡನೆಯದು ಕಾಯುವಿಕೆ. ಕೊಳಾಯಿಯ ಉದಾಹರಣೆ ತೆಗೆದುಕೊಳ್ಳಿ. ನಿಮಿಷಕ್ಕೆ ಎಷ್ಟು ಕೊಡ ನೀರು ಬರುತ್ತದೆಂಬುದು ಒಂದು ಲೆಕ್ಕ. ನಲ್ಲಿ ತಿರುಗಿಸಿದ ಮೇಲೆ ಮೊದಲ ಹನಿ ಬೀಳುವವರೆಗೆ ಎಷ್ಟು ಹೊತ್ತು ಕಾಯಬೇಕೆಂಬುದು ಬೇರೊಂದು ಲೆಕ್ಕ. ಬಚ್ಚಲ ಹಂಡೆ ತುಂಬಿಸುವವನಿಗೆ ಮೊದಲನೆಯದು ಮುಖ್ಯ, ಒಂದು ಲೋಟ ನೀರು ಬೇಕಾದವನಿಗೆ ಎರಡನೆಯದು. ರಾಂಬಸ್ ಮೆಮೊರಿಯಲ್ಲಿ ಚಿಪ್ಪುಗಳೆಲ್ಲ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಂತೆ ಇರುತ್ತಿದ್ದವು. ತುದಿಯ ಚಿಪ್ಪಿನ ಉತ್ತರ ಬರಲು ತಡವಾಗುವುದರಿಂದ, ಎಲ್ಲವೂ ಒಂದೇ ಹೊತ್ತಿಗೆ ಬರಲೆಂದು ಹತ್ತಿರದ ಚಿಪ್ಪನ್ನೂ ಅಷ್ಟೇ ಹೊತ್ತು ಕಾಯಿಸುತ್ತಿದ್ದರು. ಪತ್ರ ಬರೆಯುವುದು, ಲೆಕ್ಕದ ಪಟ್ಟಿ ತೆರೆಯುವುದು ಮುಂತಾದ ಕೆಲಸಗಳಲ್ಲಿ ಪ್ರೊಸೆಸರು ಕೇಳುವುದು ಲೋಟದ ಲೆಕ್ಕದಲ್ಲಿ. ಹಾಗಾಗಿ ಹಂಡೆಯ ವೇಗವು ಅಲ್ಲಿ ಒದಗಲಿಲ್ಲ.

ಇದರ ಮೇಲೆ ಬೆಲೆಯ ಹೊರೆ. ದೊಡ್ಡ ಚಿಪ್ಪು, ಹೊಸ ಪರೀಕ್ಷಾ ಉಪಕರಣಗಳು, ಬಿಸಿಯನ್ನು ಹರಡಲು ಲೋಹದ ಹೊದಿಕೆ, ಮೇಲೊಂದು ರಾಯಧನ. ಎಲ್ಲವೂ ಸೇರಿ ರಾಂಬಸ್ ಮೆಮೊರಿಯು ಎಸ್‌ಡಿ-ರ‍್ಯಾಮ್‌ಗಿಂತ ಹಲವು ಪಟ್ಟು ದುಬಾರಿಯಾಗಿತ್ತು. ಜನ ಕೊಳ್ಳದಿರುವುದನ್ನು ಕಂಡ ಇಂಟೆಲ್, ಐ820 ಜೊತೆಗೆ ಅಗ್ಗದ ಎಸ್‌ಡಿ-ರ‍್ಯಾಮ್ ಬಳಸಲು ಅನುವಾಗುವಂತೆ ನಡುವೆ ಒಬ್ಬ ದುಭಾಷಿಯನ್ನು ನಿಲ್ಲಿಸಿತು. ಒಂದು ಭಾಷೆಯನ್ನು ಇನ್ನೊಂದಕ್ಕೆ ತಿರುಗಿಸುವ ಚಿಪ್ಪು ಅದು. ದುಭಾಷಿಯು ವಿದ್ಯುತ್ತಿನ ಗದ್ದಲದಲ್ಲಿ ತಡವರಿಸತೊಡಗಿದನು. ಯಂತ್ರಗಳು ಇದ್ದಕ್ಕಿದ್ದಂತೆ ನಿಂತುಹೋಗುವ, ದತ್ತಾಂಶ ಕೆಡುವ ಸಂಭವ ಕಾಣಿಸಿತು. 2000ದ ಮೇ ತಿಂಗಳಲ್ಲಿ ಇಂಟೆಲ್ ಆ ಬೋರ್ಡುಗಳನ್ನು ಹಿಂಪಡೆದು ಬದಲಿ ಕೊಡುವುದಾಗಿ ಪ್ರಕಟಿಸಬೇಕಾಯಿತು.

ಈ ಬಿರುಕಿನಲ್ಲಿ ತೂರಿ ಬಂದುದು ತೈವಾನಿನ ವಯಾ ಸಂಸ್ಥೆ. ಅದರ ಅಪೊಲೊ ಪ್ರೊ 133ಎ ಚಿಪ್‌ಸೆಟ್ ಅಗ್ಗದ ಪಿಸಿ133 ಎಸ್‌ಡಿ-ರ‍್ಯಾಮ್ ಬಳಸುತ್ತಿತ್ತು; ವೇಗ 1066 ಮೆಗಾಬೈಟ್, ಪೆಂಟಿಯಂ 3ರ ದಾರಿಗೆ ಅಳೆದು ಹೊಲಿಸಿದಂತೆ. ಇಂಟೆಲ್ ಪರವಾನಗಿಯ ವಿಷಯದಲ್ಲಿ ವಯಾ ಮೇಲೆ ದಾವೆ ಹೂಡಿ, 2000ದ ಜುಲೈನಲ್ಲಿ ರಾಜಿಯಾಯಿತು. ಅದಕ್ಕೆ ಒಂದು ತಿಂಗಳ ಮುಂಚೆ ಇಂಟೆಲ್ ತಾನೂ ಪಿಸಿ133 ಬಳಸುವ ಐ815 ಚಿಪ್‌ಸೆಟ್ಟನ್ನು ಹೊರತಂದಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಯಂತ್ರ ಜೋಡಿಸಿಕೊಂಡ ನಿಮ್ಮಲ್ಲಿ ಅನೇಕರಿಗೆ ಈ ಹೆಸರುಗಳು ಪರಿಚಿತವಿರಬೇಕು.

ಅಷ್ಟರಲ್ಲಿ ಡಿಡಿಆರ್ ಸಿದ್ಧವಾಗಿತ್ತು. ಎಸ್‌ಡಿ-ರ‍್ಯಾಮ್‌ನ ಅಗಲವಾದ ದಾರಿಯನ್ನು ಹಾಗೆಯೇ ಇಟ್ಟುಕೊಂಡು, ತಾಳದ ಏರಿಳಿತಗಳೆರಡರಲ್ಲೂ ದತ್ತಾಂಶ ಸಾಗಿಸುವ ಉಪಾಯವದು. ತಯಾರಕರೆಲ್ಲ ಸೇರಿ ಮಾನಕಗಳನ್ನು ನಿರ್ಣಯಿಸುವ ಜೆಡೆಕ್ ಎಂಬ ಸಭೆಯು 2000ದ ಜೂನ್‌ನಲ್ಲಿ ಇದರ ಮಾನಕವನ್ನು ಪ್ರಕಟಿಸಿತು. ಅದೇ ಅಕ್ಟೋಬರ್‌ನಲ್ಲಿ ಎಎಂಡಿ ಸಂಸ್ಥೆಯ 760 ಚಿಪ್‌ಸೆಟ್ ಅಥ್ಲಾನ್ ಪ್ರೊಸೆಸರಿಗೆ ಡಿಡಿಆರ್ ಜೋಡಿಸಿತು. 266ನ್ನು 8ರಿಂದ ಗುಣಿಸಿದರೆ ಸುಮಾರು 2100 ಮೆಗಾಬೈಟ್. ಪಿಸಿ2100 ಎಂಬ ಹೆಸರು ಬಂದುದು ಹೀಗೆ. ಆ ತಿಂಗಳಲ್ಲೇ ಇಂಟೆಲ್ ಮುಖ್ಯಸ್ಥ ಕ್ರೇಗ್ ಬ್ಯಾರೆಟ್, ತಮ್ಮ ಉತ್ಪನ್ನದ ವೇಗವನ್ನು ನಿರ್ಧರಿಸುವ ತಂತ್ರಜ್ಞಾನಕ್ಕಾಗಿ ಮೂರನೆಯವರನ್ನು ಅವಲಂಬಿಸಿದ್ದು ತಪ್ಪಾಯಿತೆಂಬ ಅರ್ಥದ ಮಾತನ್ನು ಪತ್ರಿಕೆಯೊಂದಕ್ಕೆ ಹೇಳಿದರು.

ಇಲ್ಲಿಯವರೆಗೆ ಓದಿದವರಿಗೆ ರಾಂಬಸ್ ಮೆಮೊರಿಯು ಕೆಲಸಕ್ಕೆ ಬಾರದ್ದೆಂಬ ಭಾವನೆ ಬಂದಿರಬಹುದು. ಅದು ಅನ್ಯಾಯವಾದೀತು. 2000ದ ನವೆಂಬರ್‌ನಲ್ಲಿ ಪೆಂಟಿಯಂ 4 ಬಂದಿತು. ಅದರ ದಾರಿಯ ಅಗಲ ಸೆಕೆಂಡಿಗೆ 3200 ಮೆಗಾಬೈಟ್. ಜೊತೆಗೆ ಬಂದ ಐ850 ಚಿಪ್‌ಸೆಟ್ ರಾಂಬಸ್‌ನ ಎರಡು ಕಾಲುವೆಗಳನ್ನು ಒಟ್ಟಿಗೆ ಹರಿಸುತ್ತಿತ್ತು. 1600ರ ಎರಡರಷ್ಟು ಸರಿಯಾಗಿ 3200. ಈಗ ಕಟ್ಟೆಯ ಆಚೆ ಈಚೆ ಎರಡೂ ಸಮವಾದವು. ಚಲನಚಿತ್ರವನ್ನು ಕುಗ್ಗಿಸಿ ಬರೆಯುವಂತಹ ಹಂಡೆ ತುಂಬಿಸುವ ಕೆಲಸಗಳಲ್ಲಿ ಈ ಜೋಡಿ ನಿಜವಾಗಿಯೂ ಮಿಂಚಿತು. ಪೆಂಟಿಯಂ 3ರ ಬಳಿ ವ್ಯರ್ಥವಾಗಿದ್ದ ಮೆಮೊರಿ ಪೆಂಟಿಯಂ 4ರ ಬಳಿ ಸಾರ್ಥಕವಾಯಿತು. 2001ರ ಸೆಪ್ಟೆಂಬರ್‌ನಲ್ಲಿ ಇಂಟೆಲ್ ಅದೇ ಪ್ರೊಸೆಸರಿಗೆ ಪಿಸಿ133 ಎಸ್‌ಡಿ-ರ‍್ಯಾಮ್ ಬಳಸುವ ಐ845 ಚಿಪ್‌ಸೆಟ್ಟನ್ನು ತಂದಾಗ ತದ್ವಿರುದ್ಧವಾಯಿತು: 3200 ಬೇಡುವವನಿಗೆ 1066 ಬಡಿಸಿದಂತೆ. ಬೆಲೆ ಇಳಿಯಿತು, ವೇಗವೂ ಇಳಿಯಿತು. ಕೊಂಡವರ ಕೈಯಲ್ಲಿದ್ದ ಜಾಹೀರಾತಿನಲ್ಲಿ ಮಾತ್ರ ಪೆಂಟಿಯಂ 4 ಎಂಬ ದೊಡ್ಡ ಅಕ್ಷರಗಳು ಎರಡರಲ್ಲೂ ಒಂದೇ.

ರಾಂಬಸ್ ಯಂತ್ರಗಳ ಒಂದು ವೈಚಿತ್ರ್ಯವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಚೇರಿಯೊಂದರವರು ಹೊಸ ಯಂತ್ರ ಕೊಂಡಾಗ ತಮ್ಮ ಹಳೆಯ ಪೆಂಟಿಯಂ 4 ಯಂತ್ರವೊಂದನ್ನು ನಮ್ಮ ಶಾಲೆಗೆ ಕೊಟ್ಟಿದ್ದರು. ಮುಚ್ಚಳ ತೆಗೆದರೆ ನಾಲ್ಕು ಸ್ಲಾಟುಗಳೂ ತುಂಬಿದ್ದವು. ಆದರೆ ಎರಡರಲ್ಲಿ ಇದ್ದುದು ಚಿಪ್ಪುಗಳಿಲ್ಲದ ಬರಿಯ ಹಸಿರು ಹಲಗೆ. ಹುಡುಗರು ಅದನ್ನು ತೆಗೆದು ನೋಡಿದರು, ಯಂತ್ರ ಏಳಲೇ ಇಲ್ಲ. ದಾರದಲ್ಲಿ ಪೋಣಿಸಿದ ವ್ಯವಸ್ಥೆಯಾದುದರಿಂದ ಖಾಲಿ ಸ್ಲಾಟಿನಲ್ಲಿ ದಾರ ತುಂಡಾಗಬಾರದೆಂದು ಆ ಹಲಗೆ. ಮೆಮೊರಿ ಹೆಚ್ಚಿಸೋಣವೆಂದರೆ ಜೋಡಿಯಾಗಿಯೇ ಹಾಕಬೇಕು, ಹುಡುಕಿದರೂ ಸಿಗುವುದು ಕಷ್ಟ, ಸಿಕ್ಕಿದರೆ ಬೆಲೆ ಕೇಳುವಂತಿಲ್ಲ. ಆ ಯಂತ್ರವು ತನ್ನ 128 ಮೆಗಾಬೈಟ್‌ನಲ್ಲಿಯೇ ಆಯುಷ್ಯ ಮುಗಿಸಿತು. ದೊಡ್ಡವರ ಜಗಳದಲ್ಲಿ ಸೋತವರ ಕಡೆ ನಿಂತ ಸಾಮಾನ್ಯ ಕೊಳ್ಳುಗನಿಗೆ ಉಳಿಯುವುದು ಇಂತಹ ಹಲಗೆಗಳೇ.

ಕೊನೆಯ ಅಂಕ 2003ರದು. ಐ845ಕ್ಕೆ 2002ರ ಆರಂಭದಲ್ಲಿಯೇ ಡಿಡಿಆರ್ ಬಂದಿತ್ತು. 2003ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬಂದ ಐ875ಪಿ ಮತ್ತು ಐ865 ಚಿಪ್‌ಸೆಟ್ಟುಗಳು ಡಿಡಿಆರ್400ರ ಎರಡು ಕಾಲುವೆಗಳನ್ನು ಒಟ್ಟಿಗೆ ಹರಿಸಿ 6400 ಮೆಗಾಬೈಟ್ ಮುಟ್ಟಿದವು. ಪ್ರೊಸೆಸರಿನ ದಾರಿಯೂ ಅಷ್ಟೇ ಅಗಲವಾಗಿತ್ತು. ಐ850 ಕಲಿಸಿದ ಜೋಡಿ ಕಾಲುವೆಯ ಪಾಠವನ್ನು ಅಗ್ಗದ ಮೆಮೊರಿಯು ಕಲಿತಿತ್ತು. ಅಲ್ಲಿಗೆ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ರಾಂಬಸ್ ಕಥೆ ಮುಗಿಯಿತು. ಸುಂಕದ ಕಟ್ಟೆಯೂ ಬಹುಕಾಲ ಉಳಿಯಲಿಲ್ಲ. 2003ರಲ್ಲಿ ಎಎಂಡಿ ಅಥ್ಲಾನ್ 64ರಲ್ಲಿಯೂ, 2008ರಲ್ಲಿ ಇಂಟೆಲ್ ಕೋರ್ ಐ7ರಲ್ಲಿಯೂ ಮೆಮೊರಿ ನಿಯಂತ್ರಕವನ್ನು ಪ್ರೊಸೆಸರಿನ ಒಳಕ್ಕೇ ತೆಗೆದುಕೊಂಡವು.

ಮಾರುಕಟ್ಟೆಯ ಯುದ್ಧ ಮುಗಿದರೂ ನ್ಯಾಯಾಲಯದ ಯುದ್ಧ ಮುಗಿಯಲಿಲ್ಲ. ಊರಿನ ಕೆರೆಯ ದೃಷ್ಟಾಂತ ಕೊಡುತ್ತೇನೆ. ಊರವರೆಲ್ಲ ಕುಳಿತು ಕೆರೆ ಎಲ್ಲಿ ಕಟ್ಟಬೇಕು, ತೂಬು ಎಲ್ಲಿಡಬೇಕೆಂದು ಚರ್ಚಿಸುತ್ತಾರೆ. ಸಭೆಯಲ್ಲಿ ಮೌನವಾಗಿ ಕುಳಿತಿದ್ದವನೊಬ್ಬ ಕೆರೆ ತುಂಬಿದ ಮೇಲೆ ಕಾಗದಪತ್ರ ತಂದು, ತೂಬಿನ ಜಾಗ ನನ್ನದು, ನೀರಿಗೆ ಕಂದಾಯ ಕೊಡಿ ಎನ್ನುತ್ತಾನೆ. ರಾಂಬಸ್ ಮೇಲಿನ ಆಪಾದನೆ ಇಂತಹುದು. ಅದು 1990ರ ದಶಕದ ಮೊದಲ ಭಾಗದಲ್ಲಿ ಜೆಡೆಕ್ ಸಭೆಗಳಲ್ಲಿ ಸದಸ್ಯನಾಗಿದ್ದು 1996ರಲ್ಲಿ ಹೊರಬಂದಿತ್ತು. 2000ದಲ್ಲಿ, ಎಸ್‌ಡಿ-ರ‍್ಯಾಮ್ ಮತ್ತು ಡಿಡಿಆರ್‌ಗಳೂ 1990ರ ತನ್ನ ಅರ್ಜಿಯಿಂದ ಹೊಮ್ಮಿದ ಪೇಟೆಂಟುಗಳ ವ್ಯಾಪ್ತಿಗೆ ಬರುತ್ತವೆಂದು ರಾಯಧನ ಕೇಳಿತು. ತೋಷಿಬಾ, ಹಿಟಾಚಿ ಒಪ್ಪಿದವು; ಜರ್ಮನಿಯ ಇನ್ಫಿನಿಯಾನ್ ಒಪ್ಪದೆ ನ್ಯಾಯಾಲಯದಲ್ಲಿ ನಿಂತಿತು. 2001ರಲ್ಲಿ ವರ್ಜೀನಿಯಾದ ಜ್ಯೂರಿಯು ರಾಂಬಸ್ ವಂಚನೆ ಮಾಡಿತೆಂದಿತು. 2003ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. 2006ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ರಾಂಬಸ್ ವಿರುದ್ಧ ತೀರ್ಮಾನಿಸಿತು. 2008ರಲ್ಲಿ ಅದೂ ಮೇಲ್ಮನವಿಯಲ್ಲಿ ಬಿದ್ದುಹೋಯಿತು, 2009ರಲ್ಲಿ ಸುಪ್ರೀಂ ಕೋರ್ಟು ಕೈಹಾಕಲು ನಿರಾಕರಿಸಿತು.

ಹಾಗೆಂದು ಎದುರು ಪಕ್ಷದವರು ಶುದ್ಧಹಸ್ತರೆಂದು ತಿಳಿಯಬೇಡಿ. 1999ರಿಂದ 2002ರವರೆಗೆ ಮೆಮೊರಿ ತಯಾರಕರು ಒಳಗೊಳಗೇ ಮಾತಾಡಿಕೊಂಡು ಬೆಲೆ ನಿಗದಿಪಡಿಸಿದ್ದು ಅಮೆರಿಕ ಸರ್ಕಾರದ ತನಿಖೆಯಲ್ಲಿ ಹೊರಬಿದ್ದಿತು. ತಪ್ಪೊಪ್ಪಿಕೊಂಡ ಇನ್ಫಿನಿಯಾನ್ 2004ರಲ್ಲಿ 16 ಕೋಟಿ ಡಾಲರ್, ಹೈನಿಕ್ಸ್ 2005ರಲ್ಲಿ 18.5 ಕೋಟಿ ಡಾಲರ್, ಸ್ಯಾಮ್‌ಸಂಗ್ ಅದೇ ವರ್ಷ 30 ಕೋಟಿ ಡಾಲರ್ ದಂಡಕ್ಕೆ ಒಪ್ಪಿದವು. ತೂಬಿಗೆ ಕಂದಾಯ ಕೇಳಿದವನ ಮೇಲೆ ಹರಿಹಾಯ್ದ ಊರವರಲ್ಲೇ ಕೆಲವರು ರಾತ್ರಿ ಸೇರಿ ನೀರಿನ ಬೆಲೆ ಏರಿಸುತ್ತಿದ್ದರು. ಇತಿಹಾಸದಲ್ಲಿ ಬಿಳಿ ಕುದುರೆಯೇರಿದ ನಾಯಕರನ್ನು ಹುಡುಕುವ ಹುಮ್ಮಸ್ಸು ಇಂತಹ ಪ್ರಸಂಗಗಳಲ್ಲಿ ತಾನಾಗಿಯೇ ತಣ್ಣಗಾಗುತ್ತದೆ.

ಈ ಕಥೆಯಿಂದ ನಾನು ತಿಳಿದದ್ದು ಇಷ್ಟು. ಒಂದು ಅಂಕಿಯು ಸತ್ಯವಾಗಿದ್ದೂ ಉಪಯೋಗಕ್ಕೆ ಬಾರದೆ ಹೋಗಬಹುದು. 1600 ಎಂಬುದು ಸುಳ್ಳಾಗಿರಲಿಲ್ಲ, ಅದನ್ನು ಪಡೆಯುವ ದಾರಿ ಇರಲಿಲ್ಲ. ಇನ್ನೊಂದು, ಎಲ್ಲರೂ ಬಳಸುವ ವಸ್ತುವಿನ ಅಳತೆಯನ್ನು ಯಾರು ನಿಶ್ಚಯಿಸುತ್ತಾರೆಂಬ ಪ್ರಶ್ನೆ ವೇಗದ ಪ್ರಶ್ನೆಗಿಂತ ಕಡಿಮೆಯದಲ್ಲ. ಡಿಡಿಆರ್ ಗೆದ್ದುದಕ್ಕೆ ಅದರ ವೇಗದಷ್ಟೇ, ಹತ್ತಾರು ಕಾರ್ಖಾನೆಗಳು ಅದನ್ನು ಮಾಡಬಲ್ಲವಾಗಿದ್ದುದೂ, ಒಬ್ಬರಲ್ಲಿ ಇಲ್ಲದಿದ್ದರೆ ಮತ್ತೊಬ್ಬರಲ್ಲಿ ಸಿಗುತ್ತಿದ್ದುದೂ ಕಾರಣ. ನಿಮ್ಮಲ್ಲಿ ಹಲವರು ಇಂದು ಶಾಲೆಗೋ ಕಚೇರಿಗೋ ಯಂತ್ರ ಕೊಳ್ಳುವ ಸಮಿತಿಗಳಲ್ಲಿ ಕುಳಿತಿದ್ದೀರಿ. ದರಪಟ್ಟಿ ಮುಂದೆ ಬಂದಾಗ ದಪ್ಪಕ್ಷರದ ಅಂಕಿಯನ್ನು ಓದಿದ ಮೇಲೆ, ಐದು ವರ್ಷ ಕಳೆದರೂ ಇದರ ಬಿಡಿಭಾಗವು ಬೇರೊಂದು ಅಂಗಡಿಯಲ್ಲಿ ಸಿಕ್ಕೀತೇ ಎಂದು ಒಮ್ಮೆ ಕೇಳಿರಿ. ಆ ಕಾಲದ ಯಂತ್ರಗಳೊಡನೆ ಒಡನಾಡಿದವರು ತಮ್ಮ ಅನುಭವವನ್ನು ಬರೆದು ತಿಳಿಸಿದರೆ ಸಂತೋಷಪಡುತ್ತೇನೆ.